ನಡುವಿನ ಕಂಬ

ನಮ್ಮ ಬೀದಿಯ ಬಾಯಿಗೆ ಕಂಬ ನೆಟ್ಟ ದಿನ ಮನೆಮನೆಗೂ ಸಿಹಿ ಹಂಚಿದ್ದರು. ನಾನೂ ತಿಂದೆ, ಬೆರಳು ಚೀಪಿಕೊಂಡು ತಿಂದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಂಬವೇ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ನಿಲ್ಲುವುದಕ್ಕೆ ಜೀವ ಹೋಗುವವರೆಲ್ಲ ನಮ್ಮ ಬೀದಿಗೆ ನುಗ್ಗಿ ಆ ಕಡೆಯಿಂದ ಹೊರಬೀಳುತ್ತಿದ್ದರು. ಬಾಗಿಲು ತೆಗೆದು ಕಾಲಿಟ್ಟರೆ ರಸ್ತೆ. ಫುಟ್‌ಪಾತ್ ಅಂತ ಇದ್ದದ್ದು ಚರಂಡಿಯ ಮೇಲೆ ಹಾಸಿದ ಚಪ್ಪಡಿ, ಅದರಲ್ಲೂ ಅರ್ಧ ಒಡೆದಿದ್ದವು. ಕಳೆದ ವರ್ಷ ಮೇಷ್ಟ್ರ ಮೊಮ್ಮಗಳು ಪೆನ್ಸಿಲ್ ತರೋದಕ್ಕೆ ಅಂಗಡಿಗೆ ಹೊರಟಿದ್ದಳು. ಒಂದು ಬೈಕು ಗುದ್ದಿಕೊಂಡು ಹೋಯಿತು. ತೊಡೆಯ ಮೂಳೆ ಮುರಿಯಿತು. ಬೈಕಿನವನು ತಿರುಗಿಯೂ ನೋಡಲಿಲ್ಲ. ಮಗುವನ್ನು ಆಸ್ಪತ್ರೆಗೆ ಸಾಗಿಸಿದ್ದು ನನ್ನ ವ್ಯಾನಿನಲ್ಲಿ, ಮೇಷ್ಟ್ರ ಮನೆಯ ಮೆಟ್ಟಿಲ ತನಕ ಹಿಮ್ಮುಖವಾಗಿ ತಂದು ನಿಲ್ಲಿಸಿ, ಹಿಂದಿನ ಸೀಟು ಮಡಚಿ ಹಾಸಿಗೆ ಸಮೇತ ಮಲಗಿಸಿಕೊಂಡು.

ಮೇಷ್ಟ್ರು ಅಂದರೆ ನಿವೃತ್ತ ಗಣಿತದ ಮೇಷ್ಟ್ರು. ಬೀದಿಯ ಅರ್ಧ ಜನಕ್ಕೆ ಕಿವಿ ಹಿಂಡಿ ಲೆಕ್ಕ ಕಲಿಸಿದವರು. ಮೊಮ್ಮಗಳು ಮನೆಗೆ ಬಂದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಸುರಕ್ಷತಾ ಸಮಿತಿ ಕಟ್ಟಿದರು, ನಗರಸಭೆಯ ಮೆಟ್ಟಿಲು ಸವೆಸಿದರು, ಬಾಯಿಗೆ ಬಂದ ನೆಪ ಹೇಳಿದ ಇಂಜಿನಿಯರನ್ನು ಕರೆತಂದು ಬೀದಿಯಲ್ಲಿ ನಿಲ್ಲಿಸಿದರು. ಕೊನೆಗೆ ಕಂಬಗಳು ಬಂದವು. ಬೀದಿಯ ಆ ತುದಿಗೆ ಕಾಂಕ್ರೀಟ್ ಕಂಬಗಳ ಸಾಲು, ಅವು ಕದಲುವುದಿಲ್ಲ. ದೊಡ್ಡ ರಸ್ತೆಯ ಕಡೆಯ ಈ ತುದಿಗೂ ಅಂಥದ್ದೇ ಸಾಲು, ಆದರೆ ನಡುವಿನದು ಮಾತ್ರ ಕಬ್ಬಿಣದ ಕೊಳವೆ. ನೆಲದ ಕುಳಿಯಲ್ಲಿ ಕೂರಿಸಿ ಬುಡಕ್ಕೆ ಬೀಗ ಹಾಕಿದ್ದರು. ಬೀಗ ತೆಗೆದರೆ ಅದನ್ನು ಎತ್ತಿ ಪಕ್ಕಕ್ಕಿಡಬಹುದು. ಬೆಂಕಿ ಬಿದ್ದರೆ, ಆಂಬುಲೆನ್ಸ್ ಬಂದರೆ ಇರಲಿ ಎಂದು. ಕೀ ಒಂದೇ, ಅದು ಮೇಷ್ಟ್ರ ಮನೆಯ ಗೋಡೆಯ ಮೊಳೆಯಲ್ಲಿ. ಕಾರಿದ್ದವರು ದೊಡ್ಡ ರಸ್ತೆಯಾಚೆಯ ಮೈದಾನದಲ್ಲಿ ಕಾರು ನಿಲ್ಲಿಸಿ ನಡೆದು ಬರಬೇಕು ಎಂದಾಗ ಎಲ್ಲರೂ ಕೈಯೆತ್ತಿದರು. ಎಲ್ಲರಿಗಿಂತ ಎತ್ತರಕ್ಕೆ ಕೈಯೆತ್ತಿದವರು ಟೈಲ್ಸ್ ಅಂಗಡಿಯವರು.

ಇನ್ನು ನನ್ನ ವ್ಯಾನಿನ ವಿಷಯ. ನನ್ನದು ಅಂದೆ, ನನ್ನದಲ್ಲ. ಬಸ್ಸು ನಮ್ಮ ಬಡಾವಣೆಯ ಕಡೆ ಬರುವುದನ್ನು ನಿಲ್ಲಿಸಿದ ಮೇಲೆ ಸುತ್ತಲಿನ ಬೀದಿಯವರೆಲ್ಲ ಕೈಜೋಡಿಸಿ ಒಂದು ಹಳೆಯ ಶಾಲಾ ವ್ಯಾನು ಕೊಂಡರು. ಆಸ್ಪತ್ರೆಗೆ, ಸಂತೆಗೆ, ಪಿಂಚಣಿ ಕಚೇರಿಗೆ ಹೋಗುವವರು ಹಿಂದಿನ ದಿನ ಹೇಳಿದರೆ ಮನೆ ಬಾಗಿಲಿಗೆ ಹೋಗಿ ಹತ್ತಿಸಿಕೊಳ್ಳುವುದು ನನ್ನ ಕೆಲಸ. ಮುದುಕರಿಗೆ ಅನುಕೂಲವಾಗಲಿ ಎಂದು ಪಕ್ಕದ ಬಾಗಿಲಿಗೆ ಕೆಳಮೆಟ್ಟಿಲು, ಹಿಡಿಯಲು ಸರಳು ಬೆಸುಗೆ ಹಾಕಿಸಿದ್ದೆ. ಮನೆ ಬಾಗಿಲಿಗೆ ಅನ್ನುವುದೇ ಈ ವ್ಯಾನಿನ ಜೀವಾಳ. ಬೀದಿ ಬಾಯಿಯ ತನಕ ನಡೆದು ಬರಬಲ್ಲವರು ಆಟೋ ಹಿಡಿದು ಹೋಗುತ್ತಾರೆ, ಅವರಿಗೆ ನಾನ್ಯಾಕೆ ಬೇಕು.

ಮನೆಯಲ್ಲಿ ಅಕ್ಕ ಇದ್ದಾಳೆ. ನಾವಿಬ್ಬರೇ. ಮೊದಲು ಚಿತ್ರಮಂದಿರದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದಳು. ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಹೋಗುವಾಗ ಹೇಗೋ ಹೋಗುತ್ತಾಳೆ. ಬರುವಾಗ ಇರುವುದು ಅವಳಲ್ಲ, ಹಿಂಡಿ ಹರವಿದ ಬಟ್ಟೆ. ಬಿ.ಪಿ. ಇಳಿದಿರುತ್ತದೆ, ಕಾಲು ಹಿಡಿದುಕೊಳ್ಳುತ್ತದೆ, ಸೂಜಿ ಚುಚ್ಚಿದ ಕೈಯನ್ನು ಊರಿಕೊಳ್ಳುವಂತಿಲ್ಲ. ನಮ್ಮ ಮನೆ ಬೀದಿಯ ತಿರುವು ದಾಟಿ, ಹೆಚ್ಚುಕಡಿಮೆ ನಟ್ಟನಡುವೆ, ಯಾವ ತುದಿಗೆ ವ್ಯಾನು ನಿಲ್ಲಿಸಿದರೂ ಅಷ್ಟೇ ನಡಿಗೆ.

ಕಂಬ ಬಂದ ವಾರವೇ ನಾನು ಸಮಿತಿಯ ಸಭೆಗೆ ಹೋದೆ. ಸಭೆ ಅಂದರೆ ಮೇಷ್ಟ್ರ ಮನೆಯ ಮುಂದಿನ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಮೊಮ್ಮಗಳ ಊರುಗೋಲು.

"ಮೇಷ್ಟ್ರೇ, ವ್ಯಾನಿಗೆ ಒಂದು ಕೀ ಬೇಕು," ಎಂದೆ.

"ನೋಡಮ್ಮಾ, ನಿಂಗೆ ಕೊಟ್ರೆ ಎಲ್ರಿಗೂ ಕೊಡ್ಬೇಕಾಗತ್ತೆ. ನನ್ನ ಹತ್ರಾನೇ ಗಾಡಿ ಇಲ್ಲ, ಇದ್ದಿದ್ರೆ ನಾನೂ ಮೈದಾನದಲ್ಲೇ ನಿಲ್ಲಿಸ್ತಿದ್ದೆ. ಒಬ್ರಿಗೆ ಒಂದು, ಇನ್ನೊಬ್ರಿಗೆ ಇನ್ನೊಂದು ಅಂತ ಮಾಡಿದ್ರೆ ಆ ಕಂಬ ಯಾಕೆ ಬೇಕು?"

ಮೇಷ್ಟ್ರು ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದು ಎದ್ದು ಬರಬಹುದಿತ್ತು.

"ಇದು ಒಬ್ರ ಗಾಡಿ ಅಲ್ಲ ಮೇಷ್ಟ್ರೇ, ಎಲ್ರದ್ದು."

ಟೈಲ್ಸ್ ಅಂಗಡಿಯವರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. "ಅದೇ ಸಮಸ್ಯೆ ಡ್ರೈವರಮ್ಮ. ಎಲ್ರದ್ದು ಅಂದ್ರೆ ಜವಾಬ್ದಾರಿ ಯಾರದ್ದು? ನಾಳೆ ನೀನು ಕಂಬ ಹಾಕೋದು ಮರೆತು ಹೋದೆ, ಇನ್ಯಾವುದೋ ಮಗೂಗೆ ಹೆಚ್ಚುಕಮ್ಮಿ ಆಯ್ತು, ಆಗ ಯಾರನ್ನ ಕೇಳೋಣ?"

"ನನ್ನನ್ನೇ ಕೇಳಿ."

"ಆಗ ಕೇಳಿ ಏನು ಬಂತು?"

ಪಕ್ಕದಲ್ಲಿ ಬ್ಯಾಂಕಿನ ಕ್ಯಾಷಿಯರು ತಲೆದೂಗಿದರು. ಅವರದ್ದೂ ಕಾರಿದೆ. "ತುಂಬಾ ಸೀರಿಯಸ್ ಅಂದ್ರೆ ಮೇಷ್ಟ್ರಿಗೆ ಫೋನ್ ಮಾಡು, ಬಂದು ತೆಗೀತಾರೆ."

"ನಮ್ಮಕ್ಕ ವಾರಕ್ಕೆ ಮೂರು ಸಲ ಸೀರಿಯಸ್ಸಾಗ್ತಾಳೆ ಸಾರ್."

ಯಾರೋ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಅವತ್ತು ಮಗುವನ್ನು ಯಾವ ಗಾಡಿ ಬಾಗಿಲ ತನಕ ಬಂದು ಎತ್ತಿಕೊಂಡು ಹೋಯಿತು, ಇವತ್ತಾಗಿದ್ದರೆ ಅದೇ ಗಾಡಿ ಎಲ್ಲಿ ನಿಂತಿರುತ್ತಿತ್ತು, ಎಂದು ಗಂಟಲು ಹರಿದುಕೊಂಡೆ. ಮೇಷ್ಟ್ರು ಮೂಲೆಯ ಊರುಗೋಲು ನೋಡಿದರು, ನನ್ನನ್ನು ನೋಡಿದರು. "ಮುಂದಿನ ಸಭೆಯಲ್ಲಿ ಯೋಚನೆ ಮಾಡೋಣ," ಎಂದರು. ಮುಂದಿನ ಸಭೆಯಲ್ಲಿ ಚರಂಡಿಯ ಮಾತಾಯಿತು. ಅದರ ಮುಂದಿನದರಲ್ಲಿ ದೀಪದ ಮಾತು.

ಫೋನ್ ಮಾಡಿ ನೋಡಿದೆ. ಅಕ್ಕ ಡಯಾಲಿಸಿಸ್ ಮುಗಿಸಿ ಬರುವ ಹೊತ್ತಿಗೇ ಮೇಷ್ಟ್ರು ಮೊಮ್ಮಗಳನ್ನು ಕಾಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗಿರುತ್ತಿದ್ದರು. ಮನೆಗೆ ಬೀಗ, ಒಳಗೆ ಗೋಡೆಯ ಮೇಲೆ ಕೀ. ಗಾಲಿಕುರ್ಚಿ ತಂದುಬಿಡಮ್ಮ ಎಂದು ಕ್ಯಾಷಿಯರು ಉಪದೇಶ ಮಾಡಿದರು. ಆಸ್ಪತ್ರೆಯಿಂದ ಬೇಡಿ ತಂದೆ, ಮಡಚಲು ಬಾರದ, ಒಬ್ಬಳಿಂದ ಎತ್ತಲಾಗದ ಹಳೆಯ ಕುರ್ಚಿ. ಬೈಕು ನುಸುಳಬಾರದು ಎಂದು ಎಷ್ಟು ಒತ್ತೊತ್ತಾಗಿ ಕಂಬ ನೆಟ್ಟಿದ್ದರೆಂದರೆ ಗಾಲಿಕುರ್ಚಿ ನಡುವೆ ತೂರಲಿಲ್ಲ. ಬೈಕುಗಳು ಮಾತ್ರ ಚರಂಡಿಯ ಚಪ್ಪಡಿ ಹತ್ತಿಸಿಕೊಂಡು ಆರಾಮಾಗಿ ಒಳಗೆ ಹೋಗುತ್ತಿದ್ದವು. ಅದನ್ನು ಕಂಡು ನಗಬೇಕೋ ಕಲ್ಲು ತಗೊಂಡು ಹೊಡೆಯಬೇಕೋ ತಿಳಿಯಲಿಲ್ಲ. ಕುರ್ಚಿಯನ್ನು ವಾಪಸು ಕೊಟ್ಟೆ.

ಹೀಗೆ ಅಕ್ಕ ನಡೆಯತೊಡಗಿದಳು. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕೈ ಎದೆಗೆ ಮಡಚಿಕೊಂಡು. ಔಷಧಿ ಅಂಗಡಿಯ ಕಟ್ಟೆಯಲ್ಲಿ ಒಮ್ಮೆ ಕೂರುವಳು, ಬಡಗಿಯ ಮನೆಯ ಮೆಟ್ಟಿಲಲ್ಲಿ ಒಮ್ಮೆ, ತಿರುವಿನಲ್ಲಿ ನೀರಿನ ಟ್ಯಾಂಕಿನ ಬುಡದಲ್ಲಿ ಒಮ್ಮೆ. ಬಿಸಿಲಿಗೆ ಕಟ್ಟೆಗಳೆಲ್ಲ ಕಾದಿರುತ್ತಿದ್ದವು. ನಾನು ಸಮಿತಿಯವರ ಏಳು ತಲೆಮಾರನ್ನು ಜಾಲಾಡಿಸುತ್ತ ಬರುತ್ತಿದ್ದೆ. ಅಕ್ಕ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಯಾರಾದರೂ ಬಾಗಿಲಿಗೆ ಬಂದು "ಸುಸ್ತಾಯ್ತೇನಮ್ಮ" ಎಂದರೆ, "ಇಲ್ಲ ಇಲ್ಲ, ಈಗ ಎದ್ದೆ," ಎಂದು ಏಳಲು ಹೋಗುತ್ತಿದ್ದಳು. ಕಂಡವರ ಮೆಟ್ಟಿಲ ಮೇಲೆ ಕೂತದ್ದಕ್ಕೆ ನಾಚಿಕೆ ಅವಳಿಗೆ. ನನಗೆ ಅದು ಇನ್ನಷ್ಟು ಉರಿ.

ಆಮೇಲೆ ಒಂದು ದಿನ ಬೀದಿಯೊಳಗೆ ಟೈಲ್ಸ್ ಅಂಗಡಿಯವರ ಕಾರು ಕಂಡೆ. ತಿರುವಿಗಿಂತ ಈಚೆ, ಅವರ ಮನೆಯ ಮುಂದೆ, ತೊಳೆದು ಒರೆಸಿ ನಿಲ್ಲಿಸಿದ್ದರು. ಮಾರನೆಯ ದಿನ ಕ್ಯಾಷಿಯರ ಕಾರು. ತಿಂಗಳು ತುಂಬುವುದರೊಳಗೆ ಬೀದಿಯ ಕಾರುಗಳೆಲ್ಲ ಮೈದಾನದಿಂದ ತವರಿಗೆ ಬಂದಿದ್ದವು.

ಬೀದಿ ಬಾಯಿಯಲ್ಲೇ ಡಬ್ಬಿಯಂಗಡಿ ಇಟ್ಟುಕೊಂಡಿರುವ ಕೀ ರಿಪೇರಿಯವ ನನಗೆ ಗುಟ್ಟು ಬಿಟ್ಟುಕೊಟ್ಟ. ಟೈಲ್ಸ್ ಅಂಗಡಿಯವರು ಸೋಫಾ ಇಳಿಸುವ ನೆಪದಲ್ಲಿ ಮೇಷ್ಟ್ರ ಹತ್ತಿರ ಕೀ ಈಸಿಕೊಂಡಿದ್ದರಂತೆ, ಹಿಂದಿರುಗಿಸುವ ಮೊದಲು ಡೂಪ್ಲಿಕೇಟ್ ಮಾಡಿಸಿದರಂತೆ. ಅದರಿಂದ ಕ್ಯಾಷಿಯರು, ಕ್ಯಾಷಿಯರದ್ದರಿಂದ ಇನ್ನೊಬ್ಬರು.

"ನಿಮಗೂ ಒಂದು ಕೊರೆದು ಕೊಡ್ತೀನಿ ಡ್ರೈವರಮ್ಮ. ಅಚ್ಚು ನನ್ನ ಹತ್ರಾನೇ ಇದೆ, ಕಾಸೇನೂ ಬೇಡ," ಎಂದ.

"ನನಗೆ ಕದ್ದ ಕೀ ಬೇಡಪ್ಪ," ಎಂದೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಅಳತೆ ಲೋಟದಲ್ಲಿ ನೀರು ಗುಟುಕರಿಸುತ್ತಿದ್ದಳು. ದಿನಕ್ಕೆ ಇಷ್ಟೇ ಎಂದು ಡಾಕ್ಟರು ಕಟ್ಟು ಹಾಕಿದ್ದಾರೆ.

"ಮಾಡಿಸ್ಕೊಳ್ಳೇ. ಅದರಲ್ಲೇನಿದೆ."

"ಏನಿದೆಯಾ? ಅವರು ಕಳ್ಳರು. ನಾನೂ ಅವರ ಸಾಲಿಗೆ ನಿಂತ್ಕೊಳ್ಳಾ? ಸಭೆಯಲ್ಲಿ ಎಲ್ಲರ ಮುಂದೆ ನನ್ನ ಕೈಗೆ ಕೊಡ್ಲಿ, ಆಗ ತಗೋತೀನಿ. ನಮ್ಮ ಹಕ್ಕು ಅದು."

ಅಕ್ಕ ಲೋಟ ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು.

ನಾನು ನೇರ ಮೇಷ್ಟ್ರ ಹತ್ತಿರ ಹೋದೆ. ಎಲ್ಲರ ಹತ್ತಿರವೂ ಡೂಪ್ಲಿಕೇಟ್ ಇದೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅವತ್ತೇ ಎಲ್ಲರನ್ನೂ ಕರೆಸಿ ಕೇಳಿದರು. ಟೈಲ್ಸ್ ಅಂಗಡಿಯವರು ಎದೆ ಮುಟ್ಟಿಕೊಂಡು, "ನಮ್ಮ ಹತ್ರ ಕೀ ಎಲ್ಲಿಂದ ಬರಬೇಕು ಮೇಷ್ಟ್ರೇ? ಒಂದೊಂದು ದಿನ ನೀವಿಲ್ಲದಾಗ ಬಂದು ಸಾಮಾನು ಇಳಿಸೋಕೆ ಅಂತ ನಿಮ್ಮ ಸೊಸೆ ಹತ್ರ ಕೇಳಿ ತಗೊಂಡಿದ್ದುಂಟು," ಎಂದರು. ಕ್ಯಾಷಿಯರು ಇದೇ ಮಾತನ್ನು ಇನ್ನೂ ಮೆತ್ತಗೆ ಹೇಳಿದರು. ಸೊಸೆ ಕೆಲಸಕ್ಕೆ ಹೋಗಿದ್ದಳು. ಅವಳು ಬರುವ ತನಕ ಕಾಯದೆ ಮೇಷ್ಟ್ರು ನಂಬಿದರು. ತಾವು ಪಾಠ ಹೇಳಿದ ಹುಡುಗರು ತಮ್ಮ ಮುಖ ನೋಡಿ ಸುಳ್ಳು ಹೇಳಲಾರರು ಎಂಬ ಭ್ರಮೆ ಅವರಿಗೆ. ಕೊನೆಗೆ ನನಗೇ ಬುದ್ಧಿವಾದ ಸಿಕ್ಕಿತು, ಸುಮ್ಮನೆ ಯಾರ ಮೇಲೂ ಗೂಬೆ ಕೂರಿಸಬಾರದು ಎಂದು.

ಒಮ್ಮೆ ಸಹನೆ ಕೆಟ್ಟು, ಕ್ಯಾಷಿಯರು ಕಂಬ ತೆಗೆದು ಒಳಗೆ ಹೋಗುವಾಗ ಅವರ ಬಾಲ ಹಿಡಿದು ವ್ಯಾನು ನುಗ್ಗಿಸಿಬಿಟ್ಟೆ. ಅಕ್ಕನನ್ನು ಬಾಗಿಲಲ್ಲಿ ಇಳಿಸಿ, ರಾಜಮರ್ಯಾದೆ ಆಯಿತು ಎಂದು ಹಿಗ್ಗಿಕೊಂಡು ಹಿಂತಿರುಗಿದರೆ ಕಂಬ ಮತ್ತೆ ನಿಂತಿತ್ತು, ಬೀಗ ಬಿದ್ದಿತ್ತು. ಮೇಷ್ಟ್ರು ಮನೆಯಲ್ಲಿಲ್ಲ. ಕ್ಯಾಷಿಯರ ಬಾಗಿಲು ತಟ್ಟಿದೆ. "ನನ್ನ ಹತ್ರ ಕೀ ಎಲ್ಲಿದೆಯಮ್ಮ?" ಎಂದರು, ಬನಿಯನ್ನಿನಲ್ಲಿ ನಿಂತುಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು. ಟೈಲ್ಸ್ ಅಂಗಡಿಯವರೂ ಅದೇ ಮಾತು. ಬೀದಿ ತುಂಬ ಕೀಗಳಿದ್ದವು, ಕೀ ಇರುವವನು ಒಬ್ಬನೂ ಇರಲಿಲ್ಲ. ಪಕ್ಕದ ಬೀದಿಯ ತಾತ ಕಣ್ಣಿನ ಆಪರೇಷನ್ನಿಗೆ ಹೋಗಲು ತೊಳೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು. ಅವರ ಸರದಿ ತಪ್ಪಿಹೋಯಿತು. ಸಂಜೆ ಮೇಷ್ಟ್ರು ಬಂದು ಬೀಗ ತೆಗೆದವರು, "ಒಳಗೆ ಹೇಗೆ ಹೋದೆ ಮೊದಲು ಹೇಳು," ಎಂದು ನನ್ನನ್ನೇ ಗದರಿದರು. ಅವತ್ತು ನಾನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ.

ಅದಾದ ಮೇಲೆ ಬಂದದ್ದು ಆ ಮಧ್ಯಾಹ್ನ.

ಅಕ್ಕನಿಗೆ ಆಸ್ಪತ್ರೆಯಲ್ಲೇ ಎರಡು ಸಲ ಬಿ.ಪಿ. ಇಳಿದಿತ್ತು. ವ್ಯಾನಿನಲ್ಲಿ ವಾಂತಿಯಾಯಿತು. ದೊಡ್ಡ ರಸ್ತೆಯ ಅಂಚಿಗೆ ವ್ಯಾನು ನಿಲ್ಲಿಸಿ ಅವಳನ್ನು ಇಳಿಸಿದೆ. ನಡುವಿನ ಕಂಬದ ಪಕ್ಕದ ಕಾಂಕ್ರೀಟ್ ಕಂಬ ಹಿಡಿದುಕೊಂಡು ನಿಂತಳು. ತುಟಿ ಬೆಳ್ಳಗಾಗಿತ್ತು. "ಒಂದು ನಿಮಿಷ," ಎಂದಳು. ನಾನು ಒಳಗಿನಿಂದ ಅವಳ ನೀರಿನ ಬಾಟಲಿ ತರಲು ತಿರುಗಿದೆ.

ಅಷ್ಟರಲ್ಲಿ ಟೈಲ್ಸ್ ಅಂಗಡಿಯವರ ಕಾರು ಬಂದು ಬೀದಿ ಬಾಯಿಗೆ ಮೂತಿಯಿಟ್ಟು ಹಾರ್ನ್ ಹೊಡೆಯಿತು. ಅಕ್ಕ ಕದಲಲಿಲ್ಲ. ಇನ್ನೊಮ್ಮೆ ಹೊಡೆದರು. ಆಮೇಲೆ ಇಂಜಿನ್ ಆರಿಸಿ, ಕೀಗೊಂಚಲು ಕಿತ್ತುಕೊಂಡು ಇಳಿದರು. ಕಾರಿನ ಕೀ, ಮನೆಯ ಕೀ, ಅಂಗಡಿಯ ಷಟರಿನ ಕೀ, ಜೊತೆಗೆ ಕಂಬದ ಕೀ, ಎಲ್ಲ ಒಂದೇ ಗೊಂಚಲಿನಲ್ಲಿ.

"ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಅಮ್ಮ, ಗಾಡಿ ಹೋಗ್ಬೇಕು," ಎಂದರು. ನಾನು ವ್ಯಾನಿನೊಳಗಿದ್ದದ್ದು ಅವರಿಗೆ ಕಾಣಲಿಲ್ಲವೋ ಏನೋ, ಯಾವ ಅಳುಕೂ ಇಲ್ಲದೆ ಬಗ್ಗಿ ಬೀಗ ತೆಗೆದರು. ಆ ಜಾತಿಯ ಬೀಗ ತೆರೆದಿರುವಷ್ಟು ಹೊತ್ತು ಕೀಯನ್ನು ಬಿಡುವುದಿಲ್ಲ, ಮತ್ತೆ ಒತ್ತಿ ಹಾಕಿದರೇ ಕೀ ಹೊರಗೆ ಬರುವುದು. ಹಾಗಾಗಿ ಬೀಗವನ್ನು ಗೊಂಚಲಿನ ಸಮೇತ ಅಕ್ಕ ಹಿಡಿದಿದ್ದ ಕಂಬದ ತಲೆಯ ಮೇಲಿಟ್ಟು, ಕಬ್ಬಿಣದ ಕೊಳವೆಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಸಾಗಿಸಿದರು.

ಅಕ್ಕ ಕಂಬದ ಮೇಲಿನ ಬೀಗವನ್ನು ನೋಡಿದಳು. ಚುಚ್ಚದ ಕೈಯಿಂದ ಎತ್ತಿಕೊಂಡಳು. ತನ್ನ ಚೀಲದೊಳಗೆ ಹಾಕಿ ಜಿಪ್ಪು ಎಳೆದಳು. ಆಮೇಲೆ ಮೆಲ್ಲಗೆ ಆ ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೇ ಕೂತುಬಿಟ್ಟಳು.

ಟೈಲ್ಸ್ ಅಂಗಡಿಯವರು ಕೈ ಝಾಡಿಸಿಕೊಂಡು ಬಂದು ಕಂಬದ ತಲೆ ನೋಡಿದರು, ನೆಲ ನೋಡಿದರು, ಜೇಬು ಮುಟ್ಟಿಕೊಂಡರು.

"ಅಮ್ಮ, ಇಲ್ಲಿ ಬೀಗ ಇಟ್ಟಿದ್ದೆ."

"ನನ್ನ ಚೀಲದಲ್ಲಿದೆ."

"ಕೊಡಿ."

"ಅದು ಸಮಿತಿ ಬೀಗ. ಮೇಷ್ಟ್ರು ಬರ್ಲಿ, ಕೊಡ್ತೀನಿ."

"ಅಯ್ಯೋ, ಅದರಲ್ಲಿ ನನ್ನ ಕೀ ಇದೆ ಕಣ್ರೀ."

"ನಿಮ್ಮ ಹತ್ರ ಕೀ ಇಲ್ಲ ಅಂದ್ರಲ್ಲ."

ನಾನು ಬಾಟಲಿ ಹಿಡಿದುಕೊಂಡು ಅಲ್ಲೇ ನಿಂತೆ. ಆ ಧ್ವನಿ ಕೇಳಿ ಎಷ್ಟು ಕಾಲವಾಗಿತ್ತು. ಟಿಕೆಟ್ ಕೌಂಟರಿನ ಗಾಜಿನ ಹಿಂದೆ ಕೂತು, ಸಾಲು ಮುರಿದು ಕೈ ತೂರಿಸಿದವರಿಗೆ ಹೀಗೇ ಹೇಳುತ್ತಿದ್ದಳು, ಏರಿಸದೆ ಇಳಿಸದೆ. ಟೈಲ್ಸ್ ಅಂಗಡಿಯವರು ನನ್ನ ಕಡೆ ತಿರುಗಿ, "ಏನಮ್ಮಾ ಇದು, ನಿಮ್ಮಕ್ಕನಿಗೆ ಹೇಳು," ಎಂದರು. ನಾನು ಬಾಯಿ ತೆಗೆಯುವ ಮೊದಲೇ ಅಕ್ಕ, "ನೀನು ಸುಮ್ಮನಿರು," ಎಂದಳು. ಸುಮ್ಮನಾದೆ.

ಅಷ್ಟು ಹೊತ್ತಿಗೆ ಸತ್ತ ಕಾರಿನ ಹಿಂದೆ ಕ್ಯಾಷಿಯರ ಕಾರು ಬಂದು ನಿಂತಿತ್ತು, ಅದರ ಹಿಂದೆ ಇನ್ನೊಂದು. ಹಾರ್ನುಗಳ ಗಲಾಟೆ. ಟೈಲ್ಸ್ ಅಂಗಡಿಯವರು ಬೆವರುತ್ತಿದ್ದರು. ಕಾರು ತೆಗೆಯಲು ಕೀ ಬೇಕು, ಕೀ ಬೇಕಾದರೆ ಅದು ನನ್ನದು ಎನ್ನಬೇಕು. ಒಮ್ಮೆ ಚೀಲದ ಕಡೆ ಕೈ ಚಾಚಿದರು. ಸೂಜಿ ಚುಚ್ಚಿದ ಜಾಗದ ಬ್ಯಾಂಡೇಜಿನಲ್ಲಿ ರಕ್ತ ಜಿನುಗಿತ್ತು. ಅಕ್ಕ ಆ ಕೈಯನ್ನೇ ಚೀಲಕ್ಕೆ ಅಡ್ಡ ಇಟ್ಟಳು. ಅವರು ಕೈ ಹಿಂದಕ್ಕೆಳೆದುಕೊಂಡರು.

ಮೇಷ್ಟ್ರು ಮೊಮ್ಮಗಳ ಕೈ ಹಿಡಿದುಕೊಂಡು ವ್ಯಾಯಾಮ ಮುಗಿಸಿ ಬರುತ್ತಿದ್ದವರು ಗುಂಪು ಕಂಡು ಹೆಜ್ಜೆ ಚುರುಕು ಮಾಡಿದರು. "ಏನಿದು? ಕಂಬ ಯಾರು ತೆಗೆದ್ರು?"

"ತೆಗೆದೇ ಇತ್ತು ಮೇಷ್ಟ್ರೇ," ಎಂದುಬಿಟ್ಟರು ಟೈಲ್ಸ್ ಅಂಗಡಿಯವರು. ರೂಢಿಯಾದ ಬಾಯಿ.

ಅಕ್ಕ ಜಿಪ್ಪು ತೆಗೆದು ಬೀಗವನ್ನು ಮೇಷ್ಟ್ರಿಗೆ ಕೊಟ್ಟಳು. ಗೊಂಚಲು ತೂಗಾಡಿತು. ಟೈಲ್ಸ್ ಅಂಗಡಿಯ ಹೆಸರು ಅಚ್ಚಾದ ಕೀಚೈನು ಅದು. ವರ್ಷವರ್ಷ ಗಿರಾಕಿಗಳಿಗೆಲ್ಲ ಹಂಚುತ್ತಾರೆ, ಮೇಷ್ಟ್ರ ಮನೆಯಲ್ಲೂ ಒಂದಿದೆ.

"ಇದು ಯಾರದ್ದು?" ಎಂದರು ಮೇಷ್ಟ್ರು.

ಹಿಂದಿನ ಕಾರಿನವನು ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದ.

"ಯಾರದ್ದೂ ಅಲ್ಲ ಅಂದ್ರೆ ಪೊಲೀಸ್ ಠಾಣೆಗೆ ಕೊಟ್ಟು ಬರ್ತೀನಿ."

"ನಂದು ಸಾರ್." ನಲವತ್ತು ದಾಟಿದ ಮನುಷ್ಯ, ಹೋಂವರ್ಕ್ ಮಾಡದ ಹುಡುಗನ ಧ್ವನಿ. ಆಮೇಲೆ ತಾನೊಬ್ಬನೇ ಮುಳುಗುವುದು ಯಾಕೆಂದು ಹೊಳೆಯಿತೇನೋ, ಹಿಂದೆ ನಿಂತ ಕಾರುಗಳ ಕಡೆ ಕೈ ತೋರಿಸಿದರು. "ನನ್ನೊಬ್ಬನ್ನೇ ಯಾಕೆ ಸಾರ್ ಕೇಳ್ತೀರಾ? ಅವರನ್ನೂ ಕೇಳಿ. ಮೈದಾನದಲ್ಲಿ ಯಾರ ಕಾರಿದೆ ಹೋಗಿ ನೋಡಿ, ಒಂದೂ ಇಲ್ಲ."

ಕ್ಯಾಷಿಯರು ಕಾರಿನ ಗಾಜು ಏರಿಸಿಕೊಂಡರು. ಹಾರ್ನು ನಿಂತಿತು. ಮೇಷ್ಟ್ರ ಮುಖ ನೋಡಲು ನನಗೆ ಆಗಲಿಲ್ಲ. ಅಷ್ಟು ದಿನದಿಂದ ಈ ಗಳಿಗೆಗೆ ಕಾದಿದ್ದೆ, ಬಂದಾಗ ಸಂತೋಷವೇ ಆಗಲಿಲ್ಲ. ಮೊಮ್ಮಗಳು ತಾತನ ಅಂಗಿ ಜಗ್ಗಿ, "ಎಲ್ರ ಹತ್ರಾನೂ ಇತ್ತಾ ತಾತ?" ಎಂದು ಕೇಳಿದಳು. ಅವರು ಬೀಗ ಒತ್ತಿ ಹಾಕಿ ಕೀ ಹೊರಗೆಳೆದರು. ಗೊಂಚಲಿನ ಬಳೆಯಿಂದ ಕಂಬದ ಕೀಯನ್ನು ಬಿಡಿಸಲು ಹೋದರು. ಉಗುರು ಜಾರುತ್ತಿತ್ತು. ಸಹಾಯಕ್ಕೆ ಕೈ ನೀಡಿದ ಟೈಲ್ಸ್ ಅಂಗಡಿಯವರನ್ನು ಒಂದು ನೋಟದಲ್ಲಿ ತಡೆದರು. ಕೊನೆಗೂ ಬಿಡಿಸಿ, ಉಳಿದ ಗೊಂಚಲನ್ನು ಅವರತ್ತ ಎಸೆದರು.

"ನಾಳೆ ಸಭೆ ಕರೀತೀನಿ," ಎಂದರು ಅಕ್ಕನಿಗೆ. "ಬೀಗ ಬದಲಾಯಿಸೋಣ. ನಿಮ್ಮ ವಿಷಯ ಮೊದಲು ತಗೋತೀನಿ."

"ಸಭೆ ಬೇಡ," ಎಂದಳು ಅಕ್ಕ, ನೆಲದಿಂದಲೇ. "ನಂಗೆ ಈಗ ಮನೆಗೆ ಹೋಗ್ಬೇಕು. ನಡೆಯೋಕೆ ಆಗಲ್ಲ. ಇಷ್ಟು ದಿನಾನೂ ಆಗ್ತಿರಲಿಲ್ಲ."

ಮೇಷ್ಟ್ರು ಕೀಯನ್ನು ನನ್ನ ಕಡೆ ಚಾಚಿದರು. "ಇದು ವ್ಯಾನಿಗೆ. ಹೊಸ ಬೀಗ ಬಂದ್ಮೇಲೆ ಅದರದ್ದೂ ಕೊಡ್ತೀನಿ. ಇನ್ಯಾರಿಗೂ ಇಲ್ಲ." ಟೈಲ್ಸ್ ಅಂಗಡಿಯವರಾಗಲಿ ಕ್ಯಾಷಿಯರಾಗಲಿ ಉಸಿರೆತ್ತಲಿಲ್ಲ. ಇಷ್ಟು ದಿನ ಕೀ ಇಲ್ಲವೇ ಇಲ್ಲ ಎಂದವರು, ಏನೆಂದು ತಕರಾರು ಮಾಡಿಯಾರು. "ಹಿಂದಕ್ಕೆ ತಗೊಳ್ಳಿ ಸಾರ್, ವ್ಯಾನು ಹೋಗ್ಬೇಕು," ಎಂದೆ ನಾನು. ಮೂರು ಕಾರುಗಳೂ ಒಂದರ ಹಿಂದೊಂದು ದೊಡ್ಡ ರಸ್ತೆಯ ಗದ್ದಲಕ್ಕೆ ಹಿಮ್ಮುಖವಾಗಿ ಇಳಿದವು. ಮೇಷ್ಟ್ರೇ ಅಕ್ಕನ ಕಂಕುಳಿಗೆ ಕೈ ಕೊಟ್ಟು ಎತ್ತಿ ವ್ಯಾನಿಗೆ ಹತ್ತಿಸಿದರು. ಮೊಮ್ಮಗಳೂ ಹತ್ತಿಕೊಂಡಳು. ಅವರು ಮಾತ್ರ ಹತ್ತಲಿಲ್ಲ. ನಾವು ಹೋದ ಮೇಲೆ ಕಂಬ ನೆಟ್ಟು, ವ್ಯಾನು ಸಿಕ್ಕಿಬಿದ್ದ ದಿನದಿಂದ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ ತಮ್ಮ ಕೀಯಿಂದ ಬೀಗ ಹಾಕಲು ಅಲ್ಲೇ ಬಿಸಿಲಿನಲ್ಲಿ ನಿಂತರು.

ಮೊಮ್ಮಗಳನ್ನು ಅವರ ಮನೆಯ ಮುಂದೆ ಇಳಿಸಿ, ನಮ್ಮ ಮನೆಯ ಬಾಗಿಲಿಗೆ ವ್ಯಾನು ತಂದು ನಿಲ್ಲಿಸಿದೆ. ಅಕ್ಕನನ್ನು ಒಳಗೆ ಕರೆದೊಯ್ದು ಮಲಗಿಸಿ, ಚಪ್ಪಲಿ ಬಿಚ್ಚಿ, ಫ್ಯಾನ್ ಹಾಕಿದೆ. ನನಗೆ ಆಗ ಹಿಗ್ಗು ಬಂತು. ಟೈಲ್ಸ್ ಅಂಗಡಿಯವನ ಮುಖ ನೋಡಿದೆಯಾ, ಕ್ಯಾಷಿಯರು ಗಾಜು ಏರಿಸಿದ್ದು ನೋಡಿದೆಯಾ, ಕೊನೆಗೂ ಎಲ್ಲರ ಮುಂದೆ ನನ್ನ ಕೈಗೇ ಕೊಟ್ಟರು ನೋಡು, ನಾನು ಅವತ್ತೇ ಹೇಳಿರಲಿಲ್ಲವಾ, ಎಂದು ಕೋಣೆ ತುಂಬ ಓಡಾಡಿಕೊಂಡು ಬಡಬಡಿಸಿದೆ.

"ಬಾಯಿ ಮುಚ್ಚೇ ಸ್ವಲ್ಪ," ಎಂದಳು ಅಕ್ಕ.

ಕಣ್ಣು ಮುಚ್ಚಿಕೊಂಡೇ ಇದ್ದಳು. ಧ್ವನಿ ಅದೇ ಕೌಂಟರಿನದು.

"ಅವರು ಕಳ್ಳರು, ಸರಿ. ಮೇಷ್ಟ್ರು ಪೆದ್ದು, ಅದೂ ಸರಿ. ನೀನೇನೇ? ಕೀ ಬಿಟ್ಟಿ ಕೊಡ್ತೀನಿ ಅಂದ ಆ ಕೀ ರಿಪೇರಿಯವನು. ಬೇಡ ಅಂದ್ಬಿಟ್ಟು ಬಂದೆ. ಬೇಡ ಅನ್ನೋ ಮೊದಲು ನನ್ನನ್ನ ಒಂದು ಮಾತು ಕೇಳಿದ್ಯಾ? ಅವತ್ತಿಂದ ನಡೆದದ್ದು ಯಾರು?"

"ಅಕ್ಕಾ, ಅದು ನಮ್ಮ ಹಕ್ಕು ಅಂತ..."

"ಹಕ್ಕು ನಿಂದು, ಕಾಲು ನಂದು." ಉಸಿರು ತೆಗೆದುಕೊಳ್ಳಲು ನಿಂತಳು. "ಆ ಬಡಗಿ ಮನೆ ಮೆಟ್ಟಿಲ ಮೇಲೆ ಕೂತಾಗೆಲ್ಲ ಇಲ್ಲೇ ಸತ್ತೋಗ್ತೀನೇನೋ ಅನ್ನಿಸ್ತಿತ್ತು. ನೀನು ಪಕ್ಕದಲ್ಲಿ ನಿಂತು ಸಮಿತಿಯವರನ್ನ ಬೈತಾ ಇದ್ದೆ."

ಫ್ಯಾನು ಕಿರಗುಟ್ಟುತ್ತಿತ್ತು. ಅವಳು ಕಣ್ಣು ತೆರೆದು ಚುಚ್ಚದ ಕೈಯನ್ನು ಮುಂದಕ್ಕೆ ಚಾಚಿದಳು.

"ಆ ಕೀ ಇಲ್ಲಿ ಕೊಡು. ನನ್ನ ಹತ್ರ ಇರ್ಲಿ. ನಿಂಗೆ ಬೇಕಾದಾಗ ಕೇಳು."

ಕೊಟ್ಟೆ.